ಹಳೆಯ ಆರ್ಕೇಡ್ ಬೋರ್ಡ್ ಬೇಗ ಟೆಸ್ಟ್ ಮಾಡಲು

ಹಳೆಯ ಆರ್ಕೇಡ್ ಬೋರ್ಡ್ (ವಿಡಿಯೊ ಗೇಮ್ ಯಂತ್ರದ ಸರ್ಕ್ಯೂಟ್ ಬೋರ್ಡ್) ರಿಪೇರಿಯಲ್ಲಿ ಜಾಸ್ತಿ ಹೊತ್ತು ಹಿಡಿಯುವುದು ಟೆಸ್ಟ್ ಚಿಪ್, ಅಂದರೆ ಬೋರ್ಡನ್ನು ಪರೀಕ್ಷಿಸುವ ಕೋಡ್ ಇರುವ ಚಿಪ್ ಅಳಿಸಿ ಮತ್ತೆ ಬರೆಯುವ ಕೆಲಸ. ಯುವಿ ಬೆಳಕಿನಲ್ಲಿ ಒಂದು ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್) ಅಳಿಸಲು 15-20 ನಿಮಿಷ ಸುಮ್ನೆ ಕಾಯಬೇಕು, ಅಲ್ವಾ? ಅದರ ಬದಲು ಕರೆಂಟಿನಿಂದಲೇ ಅಳಿಸಬಹುದಾದ ಡಬ್ಲ್ಯೂ27ಸಿ512 ಚಿಪ್ ಬಳಸಿ. 27512 ಎಂಬ ಇಪ್ರಾಮ್ ಹಾಕುವ ಸಾಕೆಟ್‌ನಲ್ಲಿ ಹಾಗೇ ಕೂರುತ್ತದೆ, ಚಿಪ್‌ಗೆ ಕೋಡ್ ಬರೆಯುವ ಸಾಧನವಾದ ಪ್ರೋಗ್ರಾಮರ್‌ನಲ್ಲೇ ಕ್ಷಣದಲ್ಲಿ ಅಳಿಯುತ್ತದೆ. ನಾನು ಎರಡು ಇಟ್ಟುಕೊಂಡಿದ್ದೇನೆ. ಒಂದು ಬೋರ್ಡಿನಲ್ಲಿ ಓಡುವಾಗ ಇನ್ನೊಂದಕ್ಕೆ ಮುಂದಿನ ಟೆಸ್ಟ್ ಕೋಡ್ ಬರೆಯುತ್ತೇನೆ.

ಆದರೆ ಅದಕ್ಕೂ ಮೊದಲು ಎರಡು ನಿಮಿಷ ಕೊಡಿ. 5 ವೋಲ್ಟ್ ಇದೆಯಾ ಅಂತ ಪವರ್ ಸಪ್ಲೈ ಹತ್ತಿರ ನೋಡಿದರೆ ಸಾಲದು. ಕನೆಕ್ಟರ್‌ನಿಂದ ದೂರ ಇರುವ ಚಿಪ್‌ನ ಕಾಲಿನ ಮೇಲೇ ಅಳೆಯಿರಿ. ಕಪ್ಪಾದ ಕನೆಕ್ಟರ್ ದಾರಿಯಲ್ಲೇ ಸ್ವಲ್ಪ ವೋಲ್ಟೇಜ್ ನುಂಗಿರುತ್ತದೆ.

ಪ್ರೊಸೆಸರ್ ಝಡ್80 ಆದರೆ ಲಾಜಿಕ್ ಪ್ರೋಬ್ (ಸಿಗ್ನಲ್ ಹೈ, ಅಂದರೆ ಹೆಚ್ಚು ವೋಲ್ಟೇಜಿನಲ್ಲಿದೆಯಾ ಅಂತ ದೀಪದಲ್ಲಿ ತೋರಿಸುವ ಸಾಧನ) ತುದಿಯನ್ನು ಅದರ 6ನೇ ಪಿನ್ ಮೇಲೆ ಇಡಿ, ಕ್ಲಾಕ್ (ಪ್ರೊಸೆಸರ್‌ಗೆ ಲಯ ಕೊಡುವ ಸಿಗ್ನಲ್) ಮಿಡಿಯುತ್ತಿರಬೇಕು. 26ನೇ ಪಿನ್ ರೀಸೆಟ್, ಅದು ಹೈ ಆಗಿ ನಿಲ್ಲಬೇಕು. ಅಲ್ಲಿ ಪ್ರೋಬ್‌ನ ದೀಪ ಒಂದೇ ಲಯದಲ್ಲಿ ಆರಿ ಹತ್ತುತ್ತಿದ್ದರೆ ಸಾಮಾನ್ಯವಾಗಿ ಅದು ವಾಚ್‌ಡಾಗ್ ಕೆಲಸ. ಪ್ರೋಗ್ರಾಂ ಸರಿಯಾಗಿ ಓಡುತ್ತಿಲ್ಲ ಅಂತ ಈ ಕಾವಲು ಸರ್ಕ್ಯೂಟ್ ಮತ್ತೆ ಮತ್ತೆ ರೀಸೆಟ್ ಮಾಡುತ್ತಿರುತ್ತದೆ. ಇಂಥ ಬೋರ್ಡಿಗೇ ಟೆಸ್ಟ್ ಚಿಪ್ ಹಾಕಿ.

ಇನ್ನೊಂದು ಮಾತು. ರ್‍ಯಾಮ್ ಪರೀಕ್ಷಿಸುವ ಕೋಡ್ ಸ್ಟ್ಯಾಕ್ (ಪ್ರೋಗ್ರಾಂ ತಾತ್ಕಾಲಿಕವಾಗಿ ಮಾಹಿತಿ ಇಡುವ ಜಾಗ) ಬಳಸಬಾರದು. ಸ್ಟ್ಯಾಕ್ ಇರುವುದು ಅದೇ ರ್‍ಯಾಮ್‌ನಲ್ಲಿ. ಎಲ್ಲವನ್ನೂ ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗಳಲ್ಲೇ ಇಟ್ಟುಕೊಳ್ಳಿ.