ಶೇಂಗಾ ಕಾಳು, ಗುಂಡಿ ಸೆಲ್ಲು, ಜಾಲಿಮುಳ್ಳು: ಮೈಯೊಳಗೆ ಸಿಕ್ಕಿಕೊಂಡರೆ ಏನು ಮಾಡಬೇಕು?

ಪಂಚಮಿ ಬಂತೆಂದರೆ ನಮ್ಮ ಕಡೆ ಶೇಂಗಾ ಉಂಡಿ, ಅಳ್ಳು, ಹುರಿದ ಕಡಲಿ ಇಲ್ಲದ ಮನೆಯಿಲ್ಲ. ಬಾಯಿ ತುಂಬ ಕಾಳು ಹಾಕಿಕೊಂಡೇ ಕೂಸು ಜೋಕಾಲಿ ಹತ್ತುತ್ತದೆ. ಜೀಕು ಮೇಲೇರಿದಾಗ ನಗುತ್ತದೆ. ನಗುವಾಗ ಉಸಿರು ಒಮ್ಮೆಲೆ ಒಳಕ್ಕೆ ಎಳೆಯುತ್ತದೆ, ಅದರ ಜೊತೆ ಅರ್ಧ ಅಗಿದ ಒಂದು ಶೇಂಗಾ ಬೇಳೆಯೂ ಹೋಗುತ್ತದೆ. ಒಂದೆರಡು ನಿಮಿಷ ಜೋರು ಕೆಮ್ಮು, ಕಣ್ಣಲ್ಲಿ ನೀರು. ಆಮೇಲೆ ಎಲ್ಲ ತಣ್ಣಗಾಗಿ ಕೂಸು ಮತ್ತೆ ಆಟಕ್ಕೆ ಓಡುತ್ತದೆ. ‘ನೆತ್ತಿಗೆ ಹತ್ತಿತ್ತು, ಇಳೀತು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಮೋಸ ಹೋಗುವುದು ಇಲ್ಲಿಯೇ.

ಮೈಯೊಳಗೆ ಏನೇ ಸಿಕ್ಕಿಕೊಂಡಿರಲಿ, ಕೈ ಹಾಕುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಬೇಕು. ಹೋದದ್ದು ಏನು? ಈಗ ಎಲ್ಲಿದೆ? ಹೋಗಿ ಎಷ್ಟು ಹೊತ್ತಾಯಿತು? ಗಡಿಬಿಡಿಯಲ್ಲಿ ಹಾಕಿದ ಬೆರಳು, ಹೇರ್‌ಪಿನ್ನು, ಬೆಂಕಿಕಡ್ಡಿಗಳಿಂದಲೇ ಮೇಲಿದ್ದ ವಸ್ತು ಆಳಕ್ಕೆ ಇಳಿಯುತ್ತದೆ. ಸೆಲ್ಲಿಗೆ ನಿಮಿಷಗಳ ಲೆಕ್ಕ, ಶೇಂಗಾಕ್ಕೆ ತಾಸುಗಳ ಲೆಕ್ಕ, ನಾಣ್ಯಕ್ಕೆ ಒಮ್ಮೊಮ್ಮೆ ದಿನಗಳ ಲೆಕ್ಕ. ಏನು ಹೋಗಿದೆ ಎಂದು ತಿಳಿಯದೆ ಯಾವ ಲೆಕ್ಕ ಹಿಡಿಯಬೇಕೆಂಬುದೂ ತಿಳಿಯುವುದಿಲ್ಲ.

ಉಸಿರೇ ಕಟ್ಟಿದರೆ

ಕೂಸು ಜೋರಾಗಿ ಕೆಮ್ಮುತ್ತಿದೆ, ಅಳುತ್ತಿದೆ ಎಂದರೆ ಗಾಳಿ ಇನ್ನೂ ಆಡುತ್ತಿದೆ. ಅದನ್ನು ಕೆಮ್ಮಲು ಬಿಡಿ. ನೀರು ಕುಡಿಸಬೇಡಿ, ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ. ಕೆಮ್ಮಲು, ಅಳಲು, ಮಾತಾಡಲು ಆಗದೆ ತುಟಿ ನೀಲಿಗಟ್ಟಿದರೆ ಒಬ್ಬರು 108ಕ್ಕೆ ಫೋನ್ ಹಚ್ಚಲಿ, ಇನ್ನೊಬ್ಬರು ಹೀಗೆ ಮಾಡಲಿ:

1. ಒಂದು ವರ್ಷದೊಳಗಿನ ಕೂಸಾದರೆ ನಿಮ್ಮ ಮುಂಗೈ ಮೇಲೆ ಬೋರಲು ಮಲಗಿಸಿ, ಕೈಯನ್ನು ತೊಡೆಗೆ ಆನಿಸಿಕೊಳ್ಳಿ. ತಲೆ ಎದೆಗಿಂತ ತಗ್ಗಿನಲ್ಲಿರಲಿ, ದವಡೆಗೆ ಬೆರಳಿನ ಆಸರೆ ಇರಲಿ. ಅಂಗೈಯ ಬುಡದಿಂದ ಎರಡು ಹೆಗಲೆಲುಬಿನ ನಡುವೆ 5 ಪೆಟ್ಟು ಕೊಡಿ.

2. ಅಂಗಾತ ಹೊರಳಿಸಿ, ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ 5 ಸಲ ಒತ್ತಿ. ಎದೆಯ ದಪ್ಪದ ಮೂರನೇ ಒಂದು ಭಾಗ, ಅಂದರೆ ಸುಮಾರು 4 ಸೆಂ.ಮೀ. ತಗ್ಗಬೇಕು. ಇಷ್ಟು ಸಣ್ಣ ಕೂಸಿನ ಹೊಟ್ಟೆ ಒತ್ತಬಾರದು, ಲಿವರ್‌ಗೆ ಪೆಟ್ಟಾಗುತ್ತದೆ.

3. ವರ್ಷ ದಾಟಿದವರಿಗೆ, ದೊಡ್ಡವರಿಗೆ ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಪೆಟ್ಟು. ಆಮೇಲೆ ಹಿಂದೆ ನಿಂತು, ಹೊಕ್ಕಳದ ಮೇಲೆ, ಪಕ್ಕೆಲುಬಿನ ಕೆಳಗೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಜಗ್ಗಿ 5 ಸಲ ಒತ್ತಿ. ಬಸುರಿಯರಿಗೆ ಹೊಟ್ಟೆಯ ಬದಲು ಎದೆ ಒತ್ತಬೇಕು.

4. ವಸ್ತು ಹೊರಬೀಳುವ ತನಕ ಐದು-ಐದರಂತೆ ಮುಂದುವರಿಸಿ. ಎಚ್ಚರ ತಪ್ಪಿದರೆ ನೆಲಕ್ಕೆ ಮಲಗಿಸಿ ಎದೆಯನ್ನು 30 ಸಲ ಒತ್ತಿ 2 ಸಲ ಉಸಿರು ಕೊಡಿ. ಉಸಿರು ಕೊಡುವ ಮುನ್ನ ಪ್ರತಿ ಸಲ ಬಾಯಿ ತೆರೆದು ನೋಡಿ. ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕಾಣದ ವಸ್ತುವಿಗೆ ಬೆರಳಾಡಿಸಿದರೆ ಅದು ಗಂಟಲಿಗೆ ಬಿರಡೆಯಂತೆ ಕೂಡುತ್ತದೆ.

ಹೊಟ್ಟೆ ಒತ್ತಿಸಿಕೊಂಡವರು ವಸ್ತು ಹೊರಬಂದ ಮೇಲೂ ಒಮ್ಮೆ ವೈದ್ಯರಿಗೆ ತೋರಿಸಬೇಕು.

ಕೆಮ್ಮು ನಿಂತ ಮೇಲಿನ ಶೇಂಗಾ

ಒಂದರಿಂದ ಮೂರು ವರ್ಷದ ಮಕ್ಕಳೇ ಇದಕ್ಕೆ ಹೆಚ್ಚು ಸಿಗುವುದು. ಅವರಿಗೆ ಕಾಳು ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ. ಶ್ವಾಸನಾಳಕ್ಕೆ ಇಳಿದ ಕಾಳು ಹೆಚ್ಚಾಗಿ ಬಲಗಡೆಗೆ ಹೋಗುತ್ತದೆ, ಏಕೆಂದರೆ ಬಲ ಕೊಳವೆ ಅಗಲ, ಗಿಡ್ಡ, ನೆಟ್ಟಗೆ. ಅಲ್ಲಿ ಕೂತ ಮೇಲೆ ಕೆಮ್ಮು ತಾನೇ ಕಡಿಮೆಯಾಗುತ್ತದೆ, ಕಾಳು ಮಾತ್ರ ಒಳಗೇ ಇರುತ್ತದೆ. ಅದರ ಎಣ್ಣೆ ಕೊಳವೆಯ ಒಳಪದರವನ್ನು ಕೆರಳಿಸಿ ಬಾವು ತರುತ್ತದೆ, ಕಾಳು ತೇವ ಹೀರಿ ಉಬ್ಬುತ್ತದೆ. ಕೆಲವು ದಿನಗಳಲ್ಲಿ ಜ್ವರ, ಕಫ, ಸುಯ್ಗುಡುವ ಉಸಿರು. ದಮ್ಮು ಎಂದು ಇನ್‌ಹೇಲರ್, ನ್ಯುಮೋನಿಯ ಎಂದು ಆ್ಯಂಟಿಬಯಾಟಿಕ್ ನಡೆಯುತ್ತದೆ. ನಾಲ್ಕು ದಿನ ಆರಾಮ, ಐದನೆಯ ದಿನ ಮತ್ತೆ ಅದೇ.

ಇದನ್ನು ಹಿಡಿಯಲು ಎಲ್ಲ ಯಂತ್ರಗಳಿಗಿಂತ ದೊಡ್ಡದು ಒಂದು ಪ್ರಶ್ನೆ: ‘ಏನರೇ ತಿನ್ನೂ ಮುಂದ ಕೂಸು ಒಮ್ಮೆಲೆ ಕೆಮ್ಮಿತ್ತೇನ್ರಿ?’ ಹಿಂದಿನ ತಿಂಗಳ ಮಾತಾದರೂ ಸರಿ, ನೆನಪು ಮಾಡಿಕೊಂಡು ಹೇಳಿ. ಡಾಕ್ಟರು ಕೇಳದಿದ್ದರೂ ಹೇಳಿ. ಸ್ಟೆತಾಸ್ಕೋಪಿನಲ್ಲಿ ಒಂದು ಬದಿಯ ಉಸಿರು ಮಾತ್ರ ಕ್ಷೀಣವಾಗಿ ಕೇಳಿದರೆ ಅನುಮಾನ ಗಟ್ಟಿಯಾಗುತ್ತದೆ.

ಎಕ್ಸ್‌ರೇಯಲ್ಲಿ ಶೇಂಗಾ ಕಾಣುವುದಿಲ್ಲ. ಕಾಣುವುದು ಅದರ ಕೈವಾಡ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೀರನ್ನು ಮೇಲೆ ಬಿಟ್ಟು ಕೆಳಗೆ ಬಿಡುವುದಿಲ್ಲವಲ್ಲ, ಕಾಳೂ ಹಾಗೆಯೇ. ಉಸಿರು ಎಳೆದಾಗ ಕೊಳವೆ ಹಿಗ್ಗಿ ಪಕ್ಕದಿಂದ ಗಾಳಿ ಒಳಗೆ ಹೋಗುತ್ತದೆ. ಬಿಡುವಾಗ ಕೊಳವೆ ಕುಗ್ಗಿ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಉಸಿರು ಬಿಟ್ಟಾಗ ತೆಗೆದ ಚಿತ್ರದಲ್ಲಿ ಆ ಬದಿಯ ಪುಪ್ಪುಸ ಉಬ್ಬಿ ಹೆಚ್ಚು ಕಪ್ಪಾಗಿ ಕಾಣುತ್ತದೆ, ಹೃದಯ ಇನ್ನೊಂದು ಬದಿಗೆ ಸರಿದಿರುತ್ತದೆ. ಮೊದಲ ದಿನದ ಎಕ್ಸ್‌ರೇ ಪೂರ್ತಿ ಸರಿ ಇರುವುದೂ ಉಂಟು. ‘ಎಕ್ಸ್‌ರೇ ನಾರ್ಮಲ್’ ಎಂಬ ಒಂದೇ ಕಾರಣಕ್ಕೆ ಕೂಸನ್ನು ಮನೆಗೆ ಕರೆತರಬೇಡಿ.

ತೆಗೆಯುವ ದಾರಿ ಬ್ರಾಂಕೊಸ್ಕೋಪಿ. ಕೂಸಿಗೆ ಪೂರ್ತಿ ಮಂಪರು ಕೊಟ್ಟು, ಆರು ಮಿ.ಮೀ. ಆಸುಪಾಸಿನ ಉಕ್ಕಿನ ಕೊಳವೆಯನ್ನು ಬಾಯಿಂದ ಶ್ವಾಸನಾಳಕ್ಕೆ ಇಳಿಸುತ್ತಾರೆ. ಅದೇ ಕೊಳವೆಯಿಂದ ಉಸಿರೂ ನಡೆಯಬೇಕು, ದುರ್ಬೀನೂ ಇಕ್ಕಳವೂ ಹೋಗಬೇಕು. ಶೇಂಗಾ ಬೇಳೆಯನ್ನು ಬಿಗಿಯಾಗಿ ಹಿಡಿದರೆ ಪುಡಿಯಾಗುತ್ತದೆ, ಸಡಿಲ ಹಿಡಿದರೆ ಜಾರುತ್ತದೆ. ಹಿಡಿದ ಕಾಳು ಕೊಳವೆಗಿಂತ ದಪ್ಪವಿದ್ದರೆ ಇಕ್ಕಳ, ಕೊಳವೆ, ಕಾಳು ಮೂರನ್ನೂ ಒಟ್ಟಿಗೆ ಹೊರಗೆಳೆಯಬೇಕು. ಎಲ್ಲಕ್ಕಿಂತ ಕಠಿಣ ಗಳಿಗೆ ಧ್ವನಿಪೆಟ್ಟಿಗೆ ದಾಟುವಾಗ. ಅಲ್ಲಿ ಕಾಳು ಕಳಚಿಬಿದ್ದು ಮುಖ್ಯ ನಾಳಕ್ಕೇ ಅಡ್ಡ ಕೂತರೆ ಎರಡೂ ಪುಪ್ಪುಸಕ್ಕೆ ಗಾಳಿ ಇಲ್ಲ. ಕೂಡಲೇ ತೆಗೆಯಲಾಗದಿದ್ದರೆ ಅದನ್ನು ಬಂದ ದಾರಿಯಲ್ಲೇ ಒಂದು ಬದಿಗೆ ಹಿಂದಕ್ಕೆ ತಳ್ಳಿ, ಇನ್ನೊಂದು ಪುಪ್ಪುಸದಿಂದ ಉಸಿರು ಕೊಟ್ಟು ಮತ್ತೆ ಹಿಡಿಯುತ್ತಾರೆ. ಕೊನೆಗೆ ಎರಡನೆಯ ಚೂರು ಉಳಿದಿದೆಯೇ ಎಂದು ಇನ್ನೊಮ್ಮೆ ಇಳಿದು ನೋಡುತ್ತಾರೆ. 1897ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಗುಸ್ಟಾವ್ ಕಿಲಿಯನ್ ಎಂಬ ವೈದ್ಯರು ಒಬ್ಬ ರೈತನ ಶ್ವಾಸನಾಳದಿಂದ ಎಲುಬಿನ ಚೂರೊಂದನ್ನು ಹೀಗೆ ತೆಗೆದರು. ಈ ವಿದ್ಯೆ ಶುರುವಾದದ್ದು ಅಲ್ಲಿಂದ.

ಇದು ಎಲ್ಲ ದವಾಖಾನೆಯಲ್ಲಿ ಆಗುವ ಕೆಲಸವಲ್ಲ. ಮಕ್ಕಳ ಬ್ರಾಂಕೊಸ್ಕೋಪಿ ಮಾಡುವ ಕಿವಿ-ಮೂಗು-ಗಂಟಲು ತಜ್ಞರು, ಮಕ್ಕಳ ಶಸ್ತ್ರತಜ್ಞರು, ಅರಿವಳಿಕೆ ವೈದ್ಯರು ಒಟ್ಟಿಗೆ ಇರಬೇಕು. ಗದಗದಿಂದ ಹುಬ್ಬಳ್ಳಿಗೆ 60 ಕಿ.ಮೀ., ಹಾವೇರಿಯಿಂದ 75 ಕಿ.ಮೀ. ಆಸುಪಾಸು. ಹೊರಡುವ ಮುಂಚೆ ಊರಿನ ವೈದ್ಯರಿಂದಲೇ ಫೋನ್ ಮಾಡಿಸಿ, ಸೌಲಭ್ಯ ಇದೆಯೆಂದು ಖಾತ್ರಿ ಮಾಡಿಕೊಳ್ಳಿ. ದಾರಿಯಲ್ಲಿ ‘ಪಾಪ, ಹಸಿದೈತಿ’ ಎಂದು ಬಿಸ್ಕೀಟು, ಹಾಲು ಕೊಡಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡಲು ತಾಸುಗಟ್ಟಲೆ ಕಾಯಬೇಕಾಗುತ್ತದೆ.

ನುಂಗಿದ್ದು ನಾಣ್ಯವೋ, ಸೆಲ್ಲೋ?

ರಿಮೋಟು, ಆಟಿಕೆ, ತೂಕದ ಯಂತ್ರಗಳಲ್ಲಿರುವ ಗುಂಡಿ ಸೆಲ್ಲು ಅನ್ನನಾಳದಲ್ಲಿ ನಿಂತರೆ ಎರಡೇ ತಾಸಿನಲ್ಲಿ ಆಳವಾಗಿ ಸುಟ್ಟುಬಿಡಬಲ್ಲದು. ಸೋರುವುದೇ ಬೇಡ. ಒದ್ದೆ ಗೋಡೆಗೆ ತಾಗಿದಾಗ ಕರೆಂಟು ಹರಿದು, ಋಣ ತುದಿಯ ಬಳಿ ಕಟುವಾದ ಕ್ಷಾರ ಹುಟ್ಟಿ, ಮಾಂಸವನ್ನು ಕರಗಿಸುತ್ತದೆ. 20 ಮಿ.ಮೀ. ಅಗಲದ ಸಿಆರ್ 2032 ನಮೂನೆಯದು ಎಲ್ಲಕ್ಕಿಂತ ಅಪಾಯ, ಚಿಕ್ಕ ಅನ್ನನಾಳಕ್ಕೆ ಅದು ಸರಿಯಾಗಿ ಅಡ್ಡ ಕೂಡುತ್ತದೆ.

ವಾಂತಿ ಮಾಡಿಸಬೇಡಿ. ಕೂಸಿಗೆ ವರ್ಷ ತುಂಬಿದ್ದು, ನುಂಗಿ 12 ತಾಸು ಆಗಿರದೆ, ಅದು ನುಂಗಬಲ್ಲ ಸ್ಥಿತಿಯಲ್ಲಿದ್ದರೆ, 10 ನಿಮಿಷಕ್ಕೊಮ್ಮೆ 10 ಮಿ.ಲೀ., ಅಂದರೆ ಎರಡು ಚಹಾ ಚಮಚ ಜೇನುತುಪ್ಪ ಕೊಡಿ. ಆರು ಸಲ ಸಾಕು. ಅದು ಸೆಲ್ಲಿಗೆ ಲೇಪವಾಗಿ ಸುಡುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ರೋಣ, ಹಿರೇಕೆರೂರಿನಂಥ ಊರಿಂದ ಹೊರಟವರಿಗೆ ದಾರಿಯಲ್ಲೇ ಎರಡು ತಾಸು ಕಳೆಯುವಾಗ ಇದು ದೊಡ್ಡ ಆಸರೆ. ಜೇನು ಹುಡುಕುತ್ತ ಅಂಗಡಿ ತಿರುಗಬೇಡಿ; ಮನೆಯಲ್ಲಿದ್ದರೆ ಬಾಟಲಿ ಹಿಡಿದುಕೊಂಡೇ ಗಾಡಿ ಹತ್ತಿ. ಸೆಲ್ಲಿನ ಪ್ಯಾಕೆಟ್ಟನ್ನೋ ಅಂಥದ್ದೇ ಇನ್ನೊಂದು ಸೆಲ್ಲನ್ನೋ ಜೊತೆಗೆ ಒಯ್ಯಿರಿ.

ಎಕ್ಸ್‌ರೇ ಕುತ್ತಿಗೆಯಿಂದ ಹೊಟ್ಟೆಯ ತನಕ, ಎದುರಿನಿಂದ ಒಂದು, ಪಕ್ಕದಿಂದ ಒಂದು ಬೇಕು. ನಾಣ್ಯ ಒಂದೇ ದುಂಡು ಬಿಲ್ಲೆಯಾಗಿ ಕಾಣುತ್ತದೆ. ಸೆಲ್ಲಿಗೆ ಬಳೆಯೊಳಗೆ ಬಳೆ ಇಟ್ಟಂತೆ ಎರಡು ಅಂಚು, ಪಕ್ಕದಿಂದ ನೋಡಿದರೆ ಒಂದು ಮೆಟ್ಟಿಲು. ಈ ಒಂದು ಗೆರೆಯನ್ನು ಗಮನಿಸದೆ ‘ನಾಣ್ಯ, ನಾಳೆ ನೋಡೋಣ’ ಎಂದರೆ ಅನ್ನನಾಳಕ್ಕೆ ತೂತು ಬೀಳುತ್ತದೆ.

ನಿಜಕ್ಕೂ ನಾಣ್ಯವೇ ಆಗಿ, ಜಠರಕ್ಕೆ ಇಳಿದಿದ್ದರೆ ಸಾಮಾನ್ಯವಾಗಿ ತಾನೇ ಹೊರಬೀಳುತ್ತದೆ. ವಾರ, ಒಮ್ಮೊಮ್ಮೆ ನಾಲ್ಕು ವಾರ ಹಿಡಿದೀತು. ಹತ್ತು ರೂಪಾಯಿಯ ನಾಣ್ಯ 27 ಮಿ.ಮೀ. ಅಗಲ, ಸಣ್ಣ ಮಕ್ಕಳಲ್ಲಿ 25 ಮಿ.ಮೀ. ದಾಟಿದ್ದು ಜಠರದ ಬಾಗಿಲಲ್ಲಿ ನಿಲ್ಲುವ ಸಂಭವ ಹೆಚ್ಚು. ಬಾಳೆಹಣ್ಣು ತುರುಕುವುದು, ಭೇದಿ ಔಷಧ ಕೊಡುವುದು ಬೇಡ. ಅನ್ನನಾಳದಲ್ಲೇ ನಿಂತು ಜೊಲ್ಲು ಸುರಿಯುತ್ತಿದ್ದರೆ ತಡಮಾಡದೆ ಎಂಡೋಸ್ಕೋಪಿ (ಬಾಯಿಂದ ದುರ್ಬೀನು ಇಳಿಸಿ ತೆಗೆಯುವುದು) ಆಗಬೇಕು. ಎರಡು ಅಯಸ್ಕಾಂತ ನುಂಗಿದ್ದರೂ ತುರ್ತೇ: ಕರುಳಿನ ಎರಡು ಮಡಿಕೆಯಿಂದ ಒಂದನ್ನೊಂದು ಹಿಡಿದು ನಡುವಿನ ಗೋಡೆಯನ್ನು ಸವೆಸುತ್ತವೆ.

ಮೂಗು, ಕಿವಿ

ಕೂಸಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ನೆಗಡಿ ಎನ್ನಬೇಡಿ. ಚೌಕಾಬಾರಾ ಆಡಿದ ಹುಣಸೆ ಬೀಜವೋ, ಮಣಿಯೋ, ಸ್ಪಂಜಿನ ಚೂರೋ ಒಳಗಿರಬಹುದು. ಮನೆಯಲ್ಲಿ ಮಾಡಬಹುದಾದ ಒಂದು ಉಪಾಯ ಉಂಟು. ತಾಯಿ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಖಾಲಿ ಹೊಳ್ಳೆಯನ್ನು ಬೆರಳಿಂದ ಒತ್ತಿ ಮುಚ್ಚಿ, ಮುದ್ದಿಡುವಂತೆ ಬಾಯಿಗೆ ಬಾಯಿ ಬಿಗಿಯಾಗಿ ಹಚ್ಚಿ, ಸ್ವಲ್ಪ ತಡೆ ಸಿಕ್ಕ ಕೂಡಲೇ ಒಮ್ಮೆ ಚುರುಕಾಗಿ ಊದಬೇಕು. ಹತ್ತರಲ್ಲಿ ಆರು ಸಲ ವಸ್ತು ಹೊರಗೆ ಹಾರುತ್ತದೆ. ಎರಡು-ಮೂರು ಸಲ ನೋಡಿ, ಬಾರದಿದ್ದರೆ ಬಿಡಿ. ಚಿಮಟ ಹಾಕಿದರೆ ದುಂಡನೆಯ ಬೀಜ ಹಿಂದಕ್ಕೆ ಜಾರಿ ಶ್ವಾಸನಾಳಕ್ಕೆ ಬೀಳಬಹುದು. ವೈದ್ಯರು ಸಣ್ಣ ಕೊಕ್ಕೆಯನ್ನು ಬೀಜದ ಹಿಂದಕ್ಕೆ ದಾಟಿಸಿ ಮುಂದಕ್ಕೆ ಎಳೆಯುತ್ತಾರೆ. ಮೂಗಿಗೆ ಸೆಲ್ಲು ಸೇರಿದ್ದರೆ ಉಪಾಯ ನೋಡುತ್ತ ಕೂಡದೆ ಸೀದಾ ದವಾಖಾನೆಗೆ.

ಕಿವಿಗೆ ಜೀವಂತ ಹುಳ ಹೊಕ್ಕರೆ ಮೊದಲು ಅದನ್ನು ಸಾಯಿಸಬೇಕು. ಕಿವಿ ಸೋರುವವರಲ್ಲದಿದ್ದರೆ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ನಾಲ್ಕು ಹನಿ ಬಿಟ್ಟು ಐದು ನಿಮಿಷ ಆ ಕಿವಿ ಮೇಲಾಗಿ ಮಲಗಿ. ಕಡಲಿ, ಜೋಳ ಹೊಕ್ಕಿದ್ದರೆ ನೀರು ಬೇಡವೇ ಬೇಡ, ಕಾಳು ಉಬ್ಬುತ್ತದೆ.

ಕಣ್ಣು

ರಾಶಿ ಮಾಡುವಾಗ ಹೊಟ್ಟು ಬಿದ್ದರೆ ಉಜ್ಜದೆ, ಕುಡಿಯುವ ನೀರಿನಿಂದ ಧಾರೆಯಾಗಿ ತೊಳೆಯಿರಿ. ನಾಲಿಗೆಯಿಂದ ತೆಗೆಸುವುದು, ಎದೆಹಾಲು ಬಿಡುವುದು ಹುಣ್ಣಿಗೆ ದಾರಿ. ಬೆಳೆಯ ಕಸದ ಗಾಯಕ್ಕೆ ಬೂಷ್ಟು ಹತ್ತುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕಿದರೆ ಅದು ಇನ್ನೂ ಹಬ್ಬುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ ಗ್ರೈಂಡಿಂಗ್ ಮಾಡುವವರ ಕಣ್ಣಿಗೆ ಸಿಡಿದ ಕಬ್ಬಿಣದ ಕಣ ಬೇಗನೆ ತುಕ್ಕಿನ ಉಂಗುರ ಬಿಡುತ್ತದೆ, ಅಂದೇ ತೆಗೆಸಬೇಕು. ಸುತ್ತಿಗೆ ಏಟಿಗೆ ಸಿಡಿದ ಚೂರು ಕಣ್ಣುಗುಡ್ಡೆಯೊಳಗೇ ಹೊಕ್ಕಿರಬಹುದು. ಆಗ ತೊಳೆಯದೆ, ಒತ್ತದೆ, ಕಾಗದದ ಲೋಟ ಮುಚ್ಚಿಕೊಂಡು ಹೋಗಿ. ಕಬ್ಬಿಣದ ಅನುಮಾನವಿದ್ದರೆ ಎಂಆರ್‌ಐ ಮಾಡಿಸಬಾರದು.

ಕಾಲಿನ ಮುಳ್ಳು

ಹೊಲಕ್ಕೆ ಹೋಗುವ ಹಿರಿಯರ ಉಡದಾರದಲ್ಲಿ ಚಿಮಟ ಇರುತ್ತಿತ್ತು. ಅದೇ ಈಗಲೂ ಸರಿಯಾದ ಹತಾರ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ. ಕಾಲನ್ನು ಸಾಬೂನಿನಿಂದ ತೊಳೆಯಿರಿ, ಆದರೆ ನೆನೆಹಾಕಬೇಡಿ. ನೆನೆದ ಮುಳ್ಳು ಮೆತ್ತಗಾಗಿ ಒಳಗೇ ಮುರಿಯುತ್ತದೆ. ಒಳ್ಳೆಯ ಬೆಳಕಿನಲ್ಲಿ ಮುಳ್ಳು ಯಾವ ಕೋನದಲ್ಲಿ ಹೊಕ್ಕಿದೆ ನೋಡಿ. ತುದಿ ಚರ್ಮದಡಿ ಹುಗಿದಿದ್ದರೆ ಕುದಿಸಿದ ಸೂಜಿಯಿಂದ ಮೇಲಿನ ಪದರವನ್ನಷ್ಟೇ ಬಿಡಿಸಿ, ಬುಡಕ್ಕೆ ಹತ್ತಿರ ಹಿಡಿದು, ಹೊಕ್ಕ ಕೋನದಲ್ಲೇ ಹೊರಗೆಳೆಯಿರಿ. ಹೊರಬಂದ ಮುಳ್ಳನ್ನು ಎಸೆಯಬೇಡಿ. ಅಂಗೈಯಲ್ಲಿಟ್ಟು ನೋಡಿ: ಮೊನೆ ಚೂಪಾಗಿದೆಯೇ, ಮೊಂಡಾಗಿದೆಯೇ? ಮೊಂಡಾಗಿದ್ದರೆ ಉಳಿದರ್ಧ ಒಳಗಿದೆ.

ಎಕ್ಕೆ ಹಾಲು ಹಚ್ಚುವ ರೂಢಿ ಬಿಡಬೇಕು. ಅದು ಚರ್ಮ ಕೆರಳಿಸುತ್ತದೆ, ಅದೇ ಕೈ ಕಣ್ಣಿಗೆ ತಾಗಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಮಬ್ಬಾಗುತ್ತದೆ.

ಮುರಿದ ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಗಾಜು, ಲೋಹ ಸಿಗುತ್ತವೆ. ಮುಳ್ಳಿಗೆ ಅಲ್ಟ್ರಾಸೌಂಡ್ ಬೇಕು, ಅದರಲ್ಲಿ ಅದು ಬೆಳ್ಳನೆಯ ಗೆರೆ, ಕೆಳಗೆ ಕಪ್ಪು ನೆರಳು, ಸುತ್ತ ಬಾವಿನ ಕಪ್ಪಂಚಾಗಿ ಕಾಣುತ್ತದೆ. ಎಲ್ಲಿ, ಎಷ್ಟು ಆಳ ಎಂದು ಚರ್ಮದ ಮೇಲೆ ಗುರುತು ಹಾಕಿಕೊಂಡು ಕೊಯ್ದರೆ ಕೆಲಸ ಹಗುರ. ಕುರುಡಾಗಿ ಹುಡುಕಿದರೆ ಗಾಯ ಅಗಲವಾಗುತ್ತದೆ, ಮುಳ್ಳು ಸಿಗುವುದಿಲ್ಲ.

ಮಣ್ಣು ಹತ್ತಿದ ಗಾಯಕ್ಕೆ, ಧನುರ್ವಾಯು ತಡೆಯುವ ಹಿಂದಿನ ಟಿಟಿ ಅಥವಾ ಟಿಡಿ ಸೂಜಿಗೆ 5 ವರ್ಷ ದಾಟಿದ್ದರೆ ಮತ್ತೊಂದು ಬೇಕು. ಸಕ್ಕರೆ ಕಾಯಿಲೆಯವರಿಗೆ ಚುಚ್ಚಿದ್ದೇ ತಿಳಿಯದಿರಬಹುದು, ಅವರು ದಿನಾಲು ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಮೊಳಕಾಲಿಗೋ ಬೆರಳಿನ ಗಂಟಿಗೋ ಜಾಲಿಮುಳ್ಳು ಚುಚ್ಚಿ, ಮೇಲಿನ ಗಾಯ ಮಾಯ್ದು, ಮೂರ್ನಾಲ್ಕು ವಾರದ ಮೇಲೆ ಕೀಲು ಬಾತರೆ ವಾತ ಎಂದು ಎಣ್ಣೆ ತಿಕ್ಕುತ್ತ ಕೂಡಬೇಡಿ. ಮುಳ್ಳಿನ ಚೂರು ಕೀಲಿನೊಳಗೆ ಉಳಿದರೆ ಹೀಗೆಯೇ ಬಾಯುತ್ತದೆ. ಅಂದು ಮುಳ್ಳು ಚುಚ್ಚಿದ್ದನ್ನು ಹೇಳಿ, ಎಲುಬು-ಕೀಲು ವೈದ್ಯರಿಂದ ಆ ಕೀಲಿಗೆ ಅಲ್ಟ್ರಾಸೌಂಡ್ ಬರೆಸಿಕೊಳ್ಳಿ.