ಒಂದು ಬಗೆ ಕಡಿಮೆ, ಒಂದು ಬಗೆ ಜಾಸ್ತಿ: ಪೊಕೆಮಾನ್ ಶಫಲ್‌ನಿಂದ ಜೀನ್ಸ್ ಗುಂಡಿಯವರೆಗೆ

ಒಂದೇ ಥರದ ಮೂರು ತುಂಡು ಸಾಲಾಗಿ ಬಂದರೆ ಮಾಯವಾಗುವ ಆಟವನ್ನು ಫೋನ್ ಇರುವ ಎಲ್ಲರೂ ಒಮ್ಮೆಯಾದರೂ ಆಡಿರುತ್ತಾರೆ. ಬಳ್ಳಾರಿಯಲ್ಲಿ ಬಸ್ಸು ಕಾಯುವವರ ಕೈಯಲ್ಲಿ ಜಾಸ್ತಿ ಕಾಣೋದು ಕ್ಯಾಂಡಿ ಕ್ರಶ್. ನನಗೆ ಹಿಡಿಸಿದ್ದು ಪೊಕೆಮಾನ್ ಶಫಲ್. ಮೊದಲು ಸುಮ್ನೆ ಆಡಿದೆ. ಆಮೇಲೆ ಅದರ ಲೆಕ್ಕ ಬಿಚ್ಚಿ ನೋಡಿದೆ. ಕೊನೆಗೆ ಆ ಲೆಕ್ಕವನ್ನೇ ಹಿಡಿದು, ನಮ್ಮೂರಿನ ಜೀನ್ಸ್ ಸಾಮಾನುಗಳನ್ನು ತುಂಡುಗಳಾಗಿಸಿ ಒಂದು ಆಟ ಬರೆದೆ. ನಾನು ಸಂಜೆ ಹೊತ್ತು ಹುಡುಗರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಹಾಗಾಗಿ ಬರೆಯೋದು ಕಷ್ಟ ಆಗಲಿಲ್ಲ. ತಲೆ ತಿಂದಿದ್ದು ಒಂದೇ ಪ್ರಶ್ನೆ: ಹಲಗೆಯ ಮೇಲೆ ಎಷ್ಟು ಬಗೆಯ ತುಂಡು ಇರಬೇಕು?

ಮೊದಲು ಶಫಲ್ ಬಗ್ಗೆ. ಪೊಕೆಮಾನ್ ಅಂದರೆ ಹಿಡಿದು ಕಾದಾಡಿಸುವ ಕಲ್ಪನೆಯ ಪ್ರಾಣಿಗಳು. ಶುರುವಾಗಿದ್ದು 1996ರಲ್ಲಿ, ಜಪಾನಿನಲ್ಲಿ, ನಿಂಟೆಂಡೋ ಕಂಪನಿಯ ಗೇಮ್‌ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ ಮೇಲೆ. ನಮ್ಮ ಕಡೆಯ ಮಕ್ಕಳಿಗೆ ಅದು ಟಿವಿ ಕಾರ್ಟೂನ್ ಆಗಿ ಪರಿಚಯ. ಶಫಲ್ ಅದರ ಒಂದು ಸಣ್ಣ ಕವಲು. ಜೀನಿಯಸ್ ಸೊನೊರಿಟಿ ಎಂಬ ಕಂಪನಿ ಮಾಡಿದ್ದು. 2015ರ ಫೆಬ್ರವರಿಯಲ್ಲಿ ನಿಂಟೆಂಡೋದ ಇನ್ನೊಂದು ಆಟದ ಯಂತ್ರ 3ಡಿಎಸ್‌ಗೆ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ ಫೋನಿಗೆ. ಹೆಸರಾದ ಪಾತ್ರಗಳನ್ನು ಇಂಥ ಆಟಕ್ಕೆ ತಂದು ಕೂರಿಸುವುದು ಹೊಸದೇನಲ್ಲ. ನಿಂಟೆಂಡೋದ ಹೆಸರಾಂತ ಪಾತ್ರ ಮಾರಿಯೋಗೆ ಡಾಕ್ಟರ್ ಕೋಟು ಹಾಕಿ 1990ರಲ್ಲೇ ಡಾಕ್ಟರ್ ಮಾರಿಯೋ ಮಾಡಿದ್ದರು. ಪೊಕೆಮಾನ್‌ಗೂ 2000ದಲ್ಲಿ ಪೊಕೆಮಾನ್ ಪಜಲ್ ಲೀಗ್ ಬಂದಿತ್ತು. ಇಂಥವುಗಳಲ್ಲಿ ಎಷ್ಟೋ ಬರೀ ಬಣ್ಣ ಬಳಿದ ಹಳೇ ಆಟಗಳು. ಶಫಲ್ ಹಾಗಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಕ್ಯಾಂಡಿ ಕ್ರಶ್‌ನಲ್ಲಿ ಪಕ್ಕಪಕ್ಕದ ಎರಡು ತುಂಡುಗಳನ್ನಷ್ಟೇ ಅದಲುಬದಲು ಮಾಡಬಹುದು. ಶಫಲ್‌ನಲ್ಲಿ ಹಲಗೆಯ ಯಾವ ಮೂಲೆಯ ತುಂಡನ್ನಾದರೂ ಎತ್ತಿ ಯಾವ ಮೂಲೆಗಾದರೂ ಇಡಬಹುದು, ಮೂರು ಕೂಡಿದರೆ ಸಾಕು. ಹಲಗೆ 6 ಸಾಲು, 6 ಕಂಬ, ಒಟ್ಟು 36 ಮನೆ. ಪಕ್ಕಪಕ್ಕದ ಅದಲುಬದಲು ಮಾತ್ರ ಅಂದರೆ ಇಂಥ ಹಲಗೆಯಲ್ಲಿ 60 ನಡೆ. ಯಾವುದಕ್ಕೆ ಯಾವುದಾದರೂ ಅಂದರೆ 36 ಗುಣಿಸು 35, ಅದರ ಅರ್ಧ, 630 ನಡೆ. ಒಂದೇ ಒಂದು ನಿಯಮ ಸಡಿಲಿಸಿದ್ದಕ್ಕೆ ಆಯ್ಕೆ ಹತ್ತು ಪಟ್ಟಿಗಿಂತ ಜಾಸ್ತಿ ಆಯಿತು. "ಮೂರು ಎಲ್ಲಿ ಕೂಡುತ್ತವೆ" ಅಂತ ಹುಡುಕುವ ಕಷ್ಟವೇ ಉಳಿಯಲಿಲ್ಲ. ಇರುವ ಇಷ್ಟೊಂದು ದಾರಿಗಳಲ್ಲಿ ಯಾವುದು ಒಳ್ಳೆಯದು ಅನ್ನೋದೇ ಆಟ.

ಹಲಗೆಯ ತುಂಡುಗಳು ಅಂದರೆ ನಿಮ್ಮ ಪೊಕೆಮಾನ್‌ಗಳ ಮುಖಗಳು. ಎದುರಿಗೆ ಒಂದು ಪೊಕೆಮಾನ್ ನಿಂತಿರುತ್ತದೆ. ನೀವು ಕೂಡಿಸಿದಷ್ಟೂ ಅದಕ್ಕೆ ಪೆಟ್ಟು. ನೀರಿನ ಬಗೆಯ ಪೊಕೆಮಾನ್ ಬೆಂಕಿಯದಕ್ಕೆ ಜೋರಾಗಿ ತಾಗುತ್ತದೆ, ಹುಲ್ಲಿನದು ನೀರಿನದಕ್ಕೆ. ಕಾರ್ಟೂನ್ ನೋಡಿದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೆದ್ದ ಮೇಲೂ ಅದು ನಿಮಗೆ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಹಿಡಿಯುವ ಅವಕಾಶ ಶೇಕಡಾ ಇಷ್ಟು ಅಂತ ತೋರಿಸುತ್ತದೆ. ಉಳಿಸಿದ ಪ್ರತಿ ನಡೆಗೂ ಆ ಶೇಕಡಾ ಏರುತ್ತದೆ. ಹಾಗಾಗಿ ಬರೀ ಗೆಲ್ಲೋದು ಸಾಲದು, ಬೇಗ ಗೆಲ್ಲಬೇಕು. ಬೇಗ ಗೆಲ್ಲಬೇಕಾದರೆ ಒಂದು ಕೂಡಿಕೆಯಿಂದ ಇನ್ನೊಂದು ತಾನಾಗೇ ಹುಟ್ಟಬೇಕು. ಆಡುವವರು ಅದಕ್ಕೆ ಕಾಂಬೋ ಅನ್ನುತ್ತಾರೆ.

ಆಡಲು ಐದು ಹೃದಯ ಕೊಡುತ್ತಾರೆ, ಒಂದು ಆಟಕ್ಕೆ ಒಂದು ಖರ್ಚು. ಖಾಲಿಯಾದ ಒಂದೊಂದು ಹೃದಯ ವಾಪಸ್ ಬರಲು 30 ನಿಮಿಷ. ಹಣ ಕೊಟ್ಟರೆ ಕಾಯಬೇಕಾಗಿಲ್ಲ. ನಾನು ಕೊಡಲಿಲ್ಲ. ಕಾಯುವ ಆ ಹೊತ್ತಿನಲ್ಲೇ ನೋಟ್‌ಬುಕ್ ತೆಗೆದು ಲೆಕ್ಕ ಹಾಕಲು ಶುರುಮಾಡಿದ್ದು.

ನನ್ನ ಗಮನ ಸೆಳೆದಿದ್ದು ಅಂಗಡಿಯ ದರಪಟ್ಟಿ. ಆಟದ ನಾಣ್ಯ ಕೊಟ್ಟು ಸಹಾಯ ಕೊಳ್ಳಬಹುದು. ಐದು ನಡೆ ಹೆಚ್ಚಿಗೆ ಬೇಕೆಂದರೆ 800 ನಾಣ್ಯ. ಹಲಗೆಯಿಂದ ಒಂದು ಬಗೆಯ ತುಂಡನ್ನೇ ತೆಗೆದುಹಾಕಬೇಕೆಂದರೆ 9,000 ನಾಣ್ಯ! ಹನ್ನೊಂದು ಪಟ್ಟಿಗೂ ಜಾಸ್ತಿ. ಆಟ ಮಾಡಿದವರಿಗೆ ತಮ್ಮ ಸರಕಿನ ಬೆಲೆ ಗೊತ್ತಿರುತ್ತದೆ ಅಲ್ವಾ? ಬರೀ ಒಂದು ಬಗೆ ಕಡಿಮೆಯಾದರೆ ಅಂಥದ್ದೇನಾಗುತ್ತದೆ ಅಂತ ನೋಡಲೇಬೇಕಾಯಿತು.

ಲೆಕ್ಕ ಹೀಗೆ. ಪಕ್ಕಪಕ್ಕದ ಮೂರು ಮನೆ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಏನಾದರೂ ಇರಲಿ. ಎರಡನೆಯದು ಅದೇ ಆಗುವ ಸಂಭವ, ನಾಲ್ಕು ಬಗೆ ಇದ್ದರೆ ನಾಲ್ಕರಲ್ಲಿ ಒಂದು. ಮೂರನೆಯದೂ ಅಷ್ಟೇ. ಎರಡನ್ನೂ ಗುಣಿಸಿದರೆ 16ರಲ್ಲಿ ಒಂದು. ಐದು ಬಗೆ ಇದ್ದರೆ 25ರಲ್ಲಿ ಒಂದು, ಆರಿದ್ದರೆ 36ರಲ್ಲಿ ಒಂದು. 6 ಗುಣಿಸು 6 ಹಲಗೆಯಲ್ಲಿ ಇಂಥ ಮೂರರ ಗುಂಪು ಎಷ್ಟು? ಅಡ್ಡ ಸಾಲಿಗೆ 4ರಂತೆ 24, ಉದ್ದಕ್ಕೆ ಇನ್ನೊಂದು 24, ಒಟ್ಟು 48. ಅಂದರೆ ತುಂಡುಗಳನ್ನು ಕಣ್ಣುಮುಚ್ಚಿ ಸುರಿದರೆ ನಾಲ್ಕು ಬಗೆಯ ಹಲಗೆಯಲ್ಲಿ ಸರಾಸರಿ 3 ಕೂಡಿಕೆ ತಾವಾಗೇ ಆಗಿರುತ್ತವೆ. ಐದು ಬಗೆಯಲ್ಲಿ 1.92. ಆರರಲ್ಲಿ 1.33. ಮೂರೇ ಬಗೆ ಇಟ್ಟರೆ 5.33.

ಈ ಸಂಖ್ಯೆ ಮೊದಲ ಹಲಗೆಗೆ ಮಾತ್ರ ಅಲ್ಲ. ಮೇಲಿಂದ ಹೊಸ ತುಂಡು ಬಿದ್ದಾಗಲೆಲ್ಲ ಇದೇ ಸಂಭವ ಕೆಲಸ ಮಾಡುತ್ತಿರುತ್ತದೆ. ಐದರಿಂದ ನಾಲ್ಕಕ್ಕೆ ಇಳಿದರೆ ಪುಕ್ಕಟೆ ಕೂಡಿಕೆ ಅರ್ಧಪಟ್ಟಿಗಿಂತ ಜಾಸ್ತಿ ಏರುತ್ತದೆ. ಒಂದು ಹುಟ್ಟಿದರೆ ಅದರಿಂದ ಇನ್ನೊಂದು, ಅದರಿಂದ ಮತ್ತೊಂದು. 9,000 ನಾಣ್ಯ ಕೊಡುವುದು ಇದಕ್ಕೇ. ಐದು ನಡೆ ಹೆಚ್ಚಿಗೆ ಸಿಕ್ಕರೆ ಐದು ಸಲ ಕೈ ಆಡಿಸಬಹುದು ಅಷ್ಟೇ. ಒಂದು ಬಗೆ ಕಡಿಮೆಯಾದರೆ ಪ್ರತಿ ನಡೆಯೂ ದೊಡ್ಡದಾಗುತ್ತದೆ.

ಇನ್ನೊಂದು ಲೆಕ್ಕ ಮಾಡಿ ನನಗೇ ಖುಷಿಯಾಯಿತು. 2001ರಲ್ಲಿ ಬಂದ, ಮೂರು ರತ್ನ ಕೂಡಿಸುವ ಬಿಜುವೆಲ್ಡ್ ಆಟದ ಹಲಗೆ 8 ಗುಣಿಸು 8, ರತ್ನಗಳು ಏಳು ಬಗೆ. ಅದರಲ್ಲಿ ಮೂರರ ಗುಂಪು 96. ಏಳು ಬಗೆಗೆ 49ರಲ್ಲಿ ಒಂದು ಸಂಭವ. 96 ಭಾಗಿಸು 49, ಅಂದರೆ 1.96. ಶಫಲ್‌ನ ಐದು ಬಗೆಯ ಹಲಗೆಗೆ 1.92 ಬಂದಿತ್ತಲ್ಲ! ಹಲಗೆ ಬೇರೆ, ಬಗೆ ಬೇರೆ, ನಿಯಮ ಬೇರೆ. ಆದರೂ ಪುಕ್ಕಟೆ ಕೂಡಿಕೆ ಮಾತ್ರ ಹೆಚ್ಚುಕಡಿಮೆ ಒಂದೇ. ಬೇಕಂತಲೇ ಹಾಗೆ ಮಾಡಿದರೋ, ಆಡಿ ಆಡಿ ಅಲ್ಲಿಗೆ ಬಂದು ನಿಂತರೋ, ಅವರೇ ಹೇಳಬೇಕು.

ಇಷ್ಟಾದ ಮೇಲೆ ಕೈ ಸುಮ್ಮನಿರಲಿಲ್ಲ. ಪೈಥಾನ್, ಅದರಲ್ಲಿ ಆಟ ಬರೆಯಲು ಬಳಸುವ ಪೈಗೇಮ್, ಎರಡೂ ಉಚಿತ, ನನ್ನ ಹಳೇ ಲ್ಯಾಪ್‌ಟಾಪಿಗೆ ಭಾರವೂ ಅಲ್ಲ. ಹೆಸರಾಂತ ಪೊಕೆಮಾನ್ ಪಿಕಾಚು ಚಿತ್ರ ಹಾಕು ಅಂತ ಅಣ್ಣನ ಮಗಳು ದುಂಬಾಲು ಬಿದ್ದಳು. ಪಿಕಾಚು ಬೇರೆಯವರ ಸೊತ್ತು, ಹಾಕಲಿಲ್ಲ. ನಮ್ಮ ಮನೆಯಲ್ಲೇ ಬೇಕಾದಷ್ಟು ತುಂಡುಗಳಿದ್ದವು. ಬಳ್ಳಾರಿ ಜೀನ್ಸ್ ಊರು. ಕೌಲ್ ಬಜಾರ್ ಕಡೆ ಓಣಿಗಳಲ್ಲಿ ಹೊಲಿಗೆ ಮಷೀನ್ ಸದ್ದು ಕೇಳದ ಮನೆ ಕಡಿಮೆ. ನಮ್ಮ ಅತ್ತಿಗೆಯೂ ಮನೆಯಲ್ಲೇ ಕೂತು ಹೊಲಿದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತಾರೆ. ಗುಂಡಿ, ಜಿಪ್, ದಾರದ ರೀಲು, ಲೇಬಲ್, ಕತ್ತರಿ, ಜೇಬು. ಆರು ಬಗೆ ಸಿಕ್ಕವು.

ರಿವೆಟ್ ಕೂಡ ಸೇರಿಸಬೇಕು ಅಂತಿತ್ತು. ಜೇಬಿನ ಮೂಲೆಗೆ ಹೊಡೆಯುವ ಹಿತ್ತಾಳೆ ಬಣ್ಣದ ಸಣ್ಣ ಮೊಳೆ. ಕಾಗದದ ಮೇಲೆ ಬರೆದು ಅತ್ತಿಗೆಗೆ ತೋರಿಸಿದೆ.

"ಕೈಯಾಗ ಹಿಡಿದ್ರ ಗುಂಡಿ ಯಾವ್ದು ರಿವೆಟ್ ಯಾವ್ದು ಕಣ್ಣು ಮುಚ್ಚಿ ಹೇಳ್ತೀನಿ. ಇದರಾಗ ಎರಡೂ ಒಂದ ಥರ ಕಾಣ್ತಾವಲ್ಲಪ್ಪ" ಅಂದರು.

ಅಲ್ಲಿಗೆ ರಿವೆಟ್ ಹೊರಗೆ. ಶಫಲ್‌ನ ಮುಖಗಳನ್ನು ಮತ್ತೆ ನೋಡಿದರೆ ಇದೇ ಜಾಣತನ ಕಾಣುತ್ತದೆ. ಎಲ್ಲವೂ ದುಂಡು ಮುಖ, ಆದರೆ ಒಂದಕ್ಕೆ ಉದ್ದ ಕಿವಿ, ಇನ್ನೊಂದಕ್ಕೆ ಕೊಂಬು, ಮತ್ತೊಂದರ ಬಣ್ಣವೇ ಬೇರೆ. ನಾನು ಒಂದು ಪರೀಕ್ಷೆ ಇಟ್ಟುಕೊಂಡೆ: ಪರದೆಯ ಚಿತ್ರ ತೆಗೆದು ಕಪ್ಪುಬಿಳುಪು ಮಾಡಿ ನೋಡುವುದು. ಬಣ್ಣ ಹೋದ ಮೇಲೂ ಆರೂ ಬೇರೆಬೇರೆ ಕಂಡರೆ ಪಾಸು. ಜೀನ್ಸ್ ದಾರ ಕಿತ್ತಳೆ, ಗುಂಡಿ ಹಳದಿ, ಚರ್ಮದ ಲೇಬಲ್ ಕಂದು. ಈ ಮೂರೂ ಬೂದುಬಣ್ಣಕ್ಕೆ ತಿರುಗಿದರೆ ಒಂದೇ. ಹಾಗಾಗಿ ಲೇಬಲ್‌ಗೆ ಬಿಳಿ ಕೊಟ್ಟೆ, ರೀಲನ್ನು ನಡು ಸಣ್ಣಗಾದ ಡಮರುಗದ ಹಾಗೆ ಬರೆದೆ. ಕೆಂಪು, ಹಸಿರು ಬೇರ್ಪಡಿಸಿ ನೋಡಲಾಗದ ಕಣ್ಣಿನವರಿಗೂ ಇದರಿಂದ ತೊಂದರೆ ತಪ್ಪುತ್ತದೆ.

ಕೋಡ್ ಬಗ್ಗೆ ಎರಡೇ ಮಾತು. ಹಲಗೆ ಅಂದರೆ ಪಟ್ಟಿಯೊಳಗೆ ಪಟ್ಟಿ, ಪ್ರತಿ ಮನೆಯಲ್ಲಿ ಒಂದು ಅಂಕಿ. ಆಟ ಶುರುವಾಗುವ ಮೊದಲೇ ಕೂಡಿಕೆ ಇರಬಾರದು. ಅದಕ್ಕೆ ಒಂದೊಂದೇ ಮನೆ ತುಂಬುವಾಗ ಎಡಗಡೆಯ ಎರಡು, ಮೇಲಿನ ಎರಡು ಮನೆ ನೋಡಿ, ಮೂರನೆಯದಾಗುವ ಬಗೆಯನ್ನು ಬಿಟ್ಟು ಉಳಿದವುಗಳಲ್ಲಿ ಒಂದನ್ನು ಆರಿಸಬೇಕು. ಹುಡುಗರು ಎಡವುವುದು ಅಳಿಸುವ ಕಡೆ. ಕಂಡ ಕೂಡಿಕೆಯನ್ನು ಕಂಡಾಗಲೇ ಅಳಿಸಿದರೆ ಕೊಕ್ಕೆಯ ಹಾಗೆ ಅಡ್ಡ ಮತ್ತು ಉದ್ದ ಒಂದೇ ಮನೆಯಲ್ಲಿ ಸೇರುವ ಕೂಡಿಕೆ ಅರ್ಧಕ್ಕೆ ನಿಲ್ಲುತ್ತದೆ. ಮೊದಲು ಇಡೀ ಹಲಗೆ ಓದಿ ಗುರುತು ಹಾಕಿಕೊಳ್ಳಬೇಕು, ಆಮೇಲೆ ಗುರುತಾದವನ್ನೆಲ್ಲ ಒಟ್ಟಿಗೆ ತೆಗೆಯಬೇಕು. ನಂತರ ಮೇಲಿನವು ಕೆಳಗೆ ಬೀಳಬೇಕು, ಖಾಲಿ ಮನೆಗೆ ಹೊಸವು ಬರಬೇಕು, ಮತ್ತೆ ಓದಬೇಕು. ಕೂಡಿಕೆ ಸಿಗದಿರುವ ತನಕ ಇದೇ ಸುತ್ತು. ಆಡುವವನಿಗೆ ನಡೆ ಉಳಿದಿದೆಯೋ ಇಲ್ಲವೋ ನೋಡಲು ನಾನು ಜಾಣತನ ಏನೂ ಮಾಡಲಿಲ್ಲ. 630 ಅದಲುಬದಲನ್ನೂ ಒಂದೊಂದಾಗಿ ಮಾಡಿ, ನೋಡಿ, ವಾಪಸ್ ಇಡುತ್ತೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಮೂರು ಬಗೆ ಇಟ್ಟು ನೋಡಿದಾಗ ತಮಾಷೆಯಾಗಿತ್ತು. ಒಂದು ಸಲ ಮುಟ್ಟಿದರೆ ಸಾಕು, ಹಲಗೆ ಬಹಳ ಹೊತ್ತು ತಾನೇ ಉರುಳುತ್ತಿರುತ್ತದೆ. ಆಡುವವರಿಗೆ ಕೆಲಸವೇ ಇಲ್ಲ. ಆರು ಬಗೆಯಲ್ಲಿ ಪ್ರತಿ ಕೂಡಿಕೆಯನ್ನೂ ಕೈಯಾರೆ ಮಾಡಬೇಕು. ಮೊದಲ ಹಂತಕ್ಕೆ ನಾಲ್ಕು, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಆರು ಅಂತ ಇಟ್ಟೆ. ನಡೆಗಳ ಸಂಖ್ಯೆ ಎಲ್ಲ ಹಂತಕ್ಕೂ ಒಂದೇ, ಗುರಿಯೂ ಒಂದೇ. ಬದಲಾಗುವುದು ಬಗೆ ಮಾತ್ರ. ಅಣ್ಣನ ಮಗಳು ಮೊದಲ ಹಂತ ಸಲೀಸಾಗಿ ದಾಟಿದಳು. ಎರಡನೆಯದರಲ್ಲಿ ಸಿಕ್ಕಿಕೊಂಡಳು.

"ಕಾಕಾ, ಇದು ಮೋಸ. ಮೊದಲ್ನೇದ್ರಾಗ ಎಷ್ಟ್ ಚಂದ ಬೀಳ್ತಿದ್ವು, ಇದ್ರಾಗ ಏನೂ ಬೀಳವಲ್ವು."

ಹುಡುಗಿ ಹೇಳಿದ್ದು ಸರಿ ಇತ್ತು. 3ರಿಂದ 1.92 ದೊಡ್ಡ ಇಳಿಕೆ. ನಾಲ್ಕಕ್ಕೂ ಐದಕ್ಕೂ ನಡುವೆ ನಾಲ್ಕೂವರೆ ಬಗೆ ಅಂತ ಇಡೋಕೆ ಬರುತ್ತದಾ? ಬರುತ್ತದೆ, ಐದನೆಯದನ್ನು ಅಪರೂಪ ಮಾಡಿದರೆ. ಇಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಪ್ರತಿ ಬಗೆಯ ಸಂಭವವನ್ನು ಅದರಿಂದಲೇ ಎರಡು ಸಲ ಗುಣಿಸಿ ಎಲ್ಲವನ್ನೂ ಕೂಡಬೇಕು, ಆಮೇಲೆ 48ರಿಂದ ಗುಣಿಸಬೇಕು. ಐದನೆಯದಕ್ಕೆ ಉಳಿದವುಗಳ ಅರ್ಧ ಪಾಲು ಕೊಟ್ಟೆ: ಒಂದು ಚೀಲದಲ್ಲಿ ನಾಲ್ಕು ಬಗೆ ಎರಡೆರಡು, ಐದನೆಯದು ಒಂದು, ಒಟ್ಟು 9 ಚೀಟಿ. ಉತ್ತರ 2.17. ಅಷ್ಟೇನೂ ಸುಲಭವಾಗಲಿಲ್ಲ. ಕಾಲು ಪಾಲು ಕೊಟ್ಟೆ: ನಾಲ್ಕು ಬಗೆ ನಾಲ್ಕು ನಾಲ್ಕು, ಐದನೆಯದು ಒಂದು, ಒಟ್ಟು 17 ಚೀಟಿ. ಉತ್ತರ 2.51. 3 ಮತ್ತು 1.92ರ ನಡುಮಧ್ಯ 2.46, ಹೆಚ್ಚುಕಡಿಮೆ ಅಲ್ಲೇ ಬಂದು ಕೂತಿತು. ಅರ್ಧದಾರಿಗೆ ಅರ್ಧ ಪಾಲು ಅಂತ ನನಗೂ ಅನಿಸಿತ್ತು, ಆದರೆ ಬೇಕಾಗಿದ್ದು ಕಾಲು. ಅಪರೂಪದ ತುಂಡು ತಾನು ಕೂಡುವುದಿಲ್ಲ, ಉಳಿದವುಗಳ ನಡುವೆ ಬಂದು ಕೂತು ಅವನ್ನೂ ಕೂಡಲು ಬಿಡುವುದಿಲ್ಲ. ಒಂದೇ ಇದ್ದರೂ ಅದರ ಕಾಟ ಜಾಸ್ತಿ.

ಹೊಸ ಎರಡನೇ ಹಂತದಲ್ಲಿ ಕತ್ತರಿ ಆ ಅಪರೂಪದ ತುಂಡು. ಅಣ್ಣನ ಮಗಳು ಈಗ ಸಿಟ್ಟಾಗುವುದಿಲ್ಲ, ಕತ್ತರಿ ಬಿದ್ದಾಗಲೆಲ್ಲ ಬೈಯುತ್ತಾಳೆ. ಅತ್ತಿಗೆ ಅವಳಿಗಿಂತ ಚೆನ್ನಾಗಿ ಆಡುತ್ತಾರೆ. ದಿನವಿಡೀ ನೀಲಿ ಬಟ್ಟೆಯ ಮೇಲೆ ಸಣ್ಣ ದಾರ ಹುಡುಕುವ ಕಣ್ಣಿಗೆ 36 ಮನೆ ಯಾವ ಲೆಕ್ಕ! ಅವರು ಕೂಡಿಕೆಯನ್ನು ಯಾವಾಗಲೂ ಕೆಳಗಿನ ಸಾಲುಗಳಲ್ಲೇ ಮಾಡುತ್ತಾರೆ. ಕೆಳಗೆ ತೆಗೆದರೆ ಮೇಲಿನವೆಲ್ಲ ಸರಿಯುತ್ತವೆ, ಹೊಸ ಕೂಡಿಕೆಗೆ ಅವಕಾಶ ಜಾಸ್ತಿ. ಇದನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ. ನಾನು ಶಫಲ್ ಆಡುವಾಗ ಅಷ್ಟು ಶಿಸ್ತಿನಿಂದ ಹಾಗೆ ಆಡಿದವನೂ ಅಲ್ಲ.

ಶಫಲ್‌ನಲ್ಲಿ ಎದುರಾಳಿ ನಡುನಡುವೆ ಕಲ್ಲು, ಒಡೆಯದ ಕಟ್ಟೆ, ಮಂಜುಗಡ್ಡೆ ತಂದು ಹಾಕಿ ಕಾಡುತ್ತದೆ. ಕಲ್ಲಿನ ಪಕ್ಕದಲ್ಲಿ ಕೂಡಿಕೆ ಆದರೆ ಕಲ್ಲು ಒಡೆಯುತ್ತದೆ. ನಾನು ಅದರ ಬದಲು ಮುರಿದ ಸೂಜಿ ಇಟ್ಟೆ. ಇದನ್ನು ಸೇರಿಸುವಾಗಲೂ ಅದೇ ಲೆಕ್ಕ ನೆನಪಿಡಬೇಕಾಯಿತು. ಕೂಡದ ತುಂಡೂ ಒಂದು ಬಗೆಯೇ, ಮನೆಯನ್ನು ತಿಂದುಬಿಡುತ್ತದೆ. ಹಾಗಾಗಿ ಸೂಜಿ ಬರುವ ಹಂತದಲ್ಲಿ ಬಗೆ ನಾಲ್ಕಕ್ಕೇ ಇಳಿಸಿದ್ದೇನೆ, ಒಂದು ಹೊತ್ತಿಗೆ ಹಲಗೆಯ ಮೇಲೆ ಮೂರಕ್ಕಿಂತ ಹೆಚ್ಚು ಸೂಜಿ ಇರುವುದಿಲ್ಲ.

ಬೀಳುವ ತುಂಡುಗಳಲ್ಲಿ ಕದ್ದು ಸಹಾಯ ಮಾಡುವುದು, ಅಂದರೆ ಸೋಲುವವನಿಗೆ ಬೇಕಾದ ತುಂಡನ್ನೇ ಬೀಳಿಸುವುದು, ನನಗೆ ಇಷ್ಟವಿಲ್ಲ. ಹುಡುಗರು ಅದನ್ನೂ ಬರೆದು ತೋರಿಸಿದರು, ಕೋಡ್ ಚೆನ್ನಾಗೇ ಇತ್ತು. ಆದರೂ ಹಾಕಲಿಲ್ಲ. ಚೀಲದಲ್ಲಿ ಯಾವ ಚೀಟಿ ಎಷ್ಟಿದೆ ಅಂತ ಪ್ರತಿ ಹಂತದ ಮೊದಲ ಪರದೆಯಲ್ಲೇ ಬರೆದಿದ್ದೇನೆ, ಬೇಕಾದವರು ಎಣಿಸಿಕೊಳ್ಳಬಹುದು.

ಈಗಿರುವುದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಅತ್ತಿಗೆಯ ಜೊತೆ ಕೆಲಸ ಮಾಡುವವರು ಫೋನಿಗೆ ಕೇಳುತ್ತಿದ್ದಾರೆ. ಅದಕ್ಕೆ ಆಟ ತಯಾರಿಸುವ ಗೋಡೋ ಎಂಬ ಸಾಫ್ಟ್‌ವೇರ್‌ನಲ್ಲಿ ಮತ್ತೆ ಬರೆಯುತ್ತಿದ್ದೇನೆ, ಅದೂ ಉಚಿತ. ಹಲಗೆ, ಚೀಲ, ಸುತ್ತು ಎಲ್ಲ ಹಾಗೇ ಹೋಗುತ್ತವೆ. ಬೆರಳಿನಿಂದ ಎತ್ತಿ ದೂರದ ಮನೆಗೆ ಎಳೆಯುವಾಗ ತುಂಡು ಬೆರಳಿನ ಕೆಳಗೇ ಮರೆಯಾಗುತ್ತದೆ. ಎತ್ತಿದ ತುಂಡನ್ನು ಬೆರಳಿಗಿಂತ ಸ್ವಲ್ಪ ಮೇಲೆ, ದೊಡ್ಡದಾಗಿ ತೋರಿಸುವ ಕೆಲಸ ಸದ್ಯಕ್ಕೆ ನಡೆದಿದೆ.