ಬರದ ವರ್ಷದಲ್ಲಿ ಲಿಂಗಪೂಜೆ, ಎರಡು ಪುಟದ ಲೆಕ್ಕ, ಒಂದು ಹಿಡಿ ಅಕ್ಕಿ

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕೈಕೊಟ್ಟ ವರ್ಷ ದೇವರ ಹೆಸರು ಮನೆಯಲ್ಲಿ ಎರಡೇ ರೀತಿ ಕೇಳಿಬರುತ್ತದೆ: ಒಂದೋ ಬೈಗುಳದಲ್ಲಿ, ಇಲ್ಲವೋ ಹರಕೆಯಲ್ಲಿ. ಎರಡರಲ್ಲೂ ಮನಸ್ಸು ಹೋದದ್ದರ ಸುತ್ತಲೇ ತಿರುಗುತ್ತಿರುತ್ತದೆ. ಕಷ್ಟವನ್ನೇ ವರ ಅನ್ನುವವರನ್ನು ನಾನು ಒಪ್ಪುವುದಿಲ್ಲ. ಕಷ್ಟದ ನಡುವೆಯೂ ಕೈಸೇರಿದ್ದನ್ನು ದಿನಾ ಗುರುತಿಸಬಹುದು, ಅದಕ್ಕೆ ಬೆಳಗಿನ ಅರ್ಧ ಗಂಟೆ ಸಾಕು.

ಮೊದಲು ಇಷ್ಟಲಿಂಗ ಪೂಜೆ. ಸ್ನಾನ ಮಾಡಿ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಳ್ಳುತ್ತೇನೆ. ನೀರು, ವಿಭೂತಿ, ಒಂದು ಪತ್ರೆ. ಪತ್ರೆ ಸಿಗದ ದಿನ ಬರೀ ನೀರು. ಆಮೇಲೆ ದೃಷ್ಟಿ ನಿಲ್ಲಿಸುವುದು. ಅಂಗೈಯನ್ನು ಮೂಗಿನ ಮಟ್ಟಕ್ಕೆ ಎತ್ತಿ, ಮುಖದಿಂದ ಒಂದು ಗೇಣಿಗಿಂತ ತುಸು ದೂರ ಹಿಡಿದು, ದೀಪವನ್ನು ಭುಜದ ಹಿಂದೆ ಒಂದು ಪಕ್ಕಕ್ಕೆ ಇಟ್ಟರೆ ಲಿಂಗದ ಕಪ್ಪು ಲೇಪದ ಮೇಲೆ ಬೆಳಕಿನ ಚುಕ್ಕೆ ಮೂಡುತ್ತದೆ. ನೋಡಬೇಕಾದ್ದು ಆ ಚುಕ್ಕೆಯನ್ನು. ಶುರುವಿನಲ್ಲಿ ಐದು ನಿಮಿಷ ಮೀರಬಾರದು. ಕಣ್ಣಲ್ಲಿ ನೀರು ಬಂದರೆ ಮುಚ್ಚಿ ತೆರೆಯಿರಿ, ಉರಿ ಬಂದರೆ ಅವತ್ತಿಗೆ ಸಾಕು. ಫ್ಯಾನ್ ಗಾಳಿಗೆ ದೀಪ ಅಲ್ಲಾಡಿದರೆ ಚುಕ್ಕೆ ಓಡಾಡುತ್ತದೆ. ಆಸರೆ ಇಲ್ಲದಿದ್ದರೆ ಕೈ ನಡುಗುತ್ತದೆ. ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ, ಕೆಳಗೆ ಬಲಗೈ ಕೊಟ್ಟರೆ ನಿಲ್ಲುತ್ತದೆ. ಸಾಲದ ಯೋಚನೆ ಬಂದೇ ಬರುತ್ತದೆ, ಬರಲಿ. ಅದನ್ನು ಓಡಿಸಲು ಹೋದರೆ ಪೂಜೆ ಪೂರ್ತಿ ಸಾಲದ್ದೇ ಆಗುತ್ತದೆ.

ಲಿಂಗ ಕರಡಿಗೆಗೆ ಸೇರಿದ ಮೇಲೆ ನೋಟ್‌ಬುಕ್. ಎಡಪುಟದಲ್ಲಿ ಹೋದದ್ದು, ಬಲಪುಟದಲ್ಲಿ ಬಂದದ್ದು. ಬಲಪುಟದ ನಿಯಮ ಬಿಗಿ: ಏನು, ಎಷ್ಟು, ಯಾರ ಕೈಯಿಂದ. "ದೇವರು ದೊಡ್ಡವನು" ಎಂದು ಬರೆದರೆ ಹೊಡೆದುಹಾಕುತ್ತೇನೆ. "ಚಿಕ್ಕಮ್ಮನ ಮನೆಯಿಂದ ಎರಡು ಸೇರು ರಾಗಿ", "ಹಳೇ ಬಾಕಿ ಕೇಳದೆ ಅಂಗಡಿಯವರು ಕೊಟ್ಟ ಅರ್ಧ ಕೆಜಿ ಬೆಲ್ಲ", "ಮಲಗಿದ್ದ ಕರು ಎದ್ದು ಹಾಲು ಕುಡಿಯಿತು", ಇಂಥವು ಸಲ್ಲುತ್ತವೆ. ಪಕ್ಕದ ಹೊಲದವರಿಗೆ ನಮಗಿಂತ ಹೆಚ್ಚು ನಷ್ಟವಾಯಿತು ಎಂಬುದು ಮಾತ್ರ ಆ ಪುಟಕ್ಕೆ ಬರಕೂಡದು. ಇನ್ನೊಬ್ಬರ ಕಷ್ಟದಲ್ಲಿ ಸಮಾಧಾನ ಹುಡುಕುವುದು ಕೆಟ್ಟ ಚಟ. ಬರೆಯಲು ಏನೂ ಇಲ್ಲದ ದಿನ ಪುಟ ಖಾಲಿ ಇರಲಿ. ತುಂಬಿಸಲೆಂದೇ ಗೀಚಿದ್ದು ಮರುದಿನ ಓದುವಾಗಲೇ ಸಿಕ್ಕಿಬೀಳುತ್ತದೆ.

ಎಡಪುಟವನ್ನು ಅಳುವುದಕ್ಕೆಂದು ಇಟ್ಟಿಲ್ಲ. ಓಡಾಡಿ ಬಗೆಹರಿಸಬಹುದಾದ್ದಕ್ಕೆ ಗುರುತು ಹಾಕಿ ಅವತ್ತೇ ಏಳಬೇಕು, ಕಾಯಕ ಅಂದರೆ ಅದೂ ಸೇರಿತು. ವಿಮೆ ಕಟ್ಟಿದ ಬೆಳೆ ಆಲಿಕಲ್ಲಿಗೆ ಸಿಕ್ಕಿದ್ದರೆ, ಹೊಲದಲ್ಲಿ ನೀರು ನಿಂತು ಕೊಳೆತಿದ್ದರೆ ಫಸಲ್ ಬಿಮಾದವರಿಗೆ 72 ಗಂಟೆಯೊಳಗೆ ತಿಳಿಸಬೇಕು. ಗಡುವು ಮೀರಿದ ಅರ್ಜಿಯನ್ನು ಯಾವ ದೇವರೂ ತೆಗೆದುಕೊಳ್ಳುವುದಿಲ್ಲ!

ಮೂರನೆಯದು ಹಿಡಿ ಅಕ್ಕಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಈ ಕಡೆ ಎಲ್ಲರಿಗೂ ಬಾಯಿಪಾಠ. ಬರಸೀಮೆಯಲ್ಲಿ ಕೆರೆ ಕಟ್ಟಿಸಿದವರ ಮಾತು ಅದು, ಕೈಕಟ್ಟಿ ಕೂತವರದಲ್ಲ. ಅಡುಗೆಗೆ ಅಳೆಯುವ ಮೊದಲೇ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಬೇಕು; ಉಳಿದರೆ ಕೊಡೋಣ ಅಂದರೆ ಉಳಿಯುವುದೇ ಇಲ್ಲ. ಹಿಡಿಗೆ ಸುಮಾರು 40 ಗ್ರಾಂ ಹಿಡಿದರೂ ತಿಂಗಳಿಗೆ ಒಂದೂಕಾಲು ಕೆಜಿ ಹತ್ತಿರ ಆಗುತ್ತದೆ. ಹುಳ ಬೀಳದಂತೆ ನೆರಳಲ್ಲಿ ಒಣಗಿಸಿದ ಬೇವಿನೆಲೆ ಹಾಕಿ. ಹಸಿ ಎಲೆ ಹಾಕಿದರೆ ಬೂಸ್ಟು ಹಿಡಿಯುತ್ತದೆ. ತಿಂಗಳ ಕೊನೆಗೆ ಮಠದ ದಾಸೋಹಕ್ಕೋ, ಒಲೆ ಹೊತ್ತದ ಮನೆಗೋ ಕೊಡುವುದು. ಬರೀ ಈಸಿಕೊಳ್ಳುತ್ತಿದ್ದೇವೆ ಎಂಬ ಕುಗ್ಗು ಕಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಹರಕೆಗೊಂದು ಮಿತಿ ಇರಲಿ. ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡುವ ಹರಕೆಯಾದರೆ ಒಂದು ಬಟ್ಟಲು ಸಾಕು. ಬಡ್ಡಿಗೆ ತಂದು ತೀರಿಸಿದ ಹರಕೆ ಮುಂದಿನ ತಿಂಗಳು ಎಡಪುಟಕ್ಕೇ ಬರುತ್ತದೆ.

ಸಾವಾದ ಮನೆಯಲ್ಲಿ ಈ ಪುಸ್ತಕದ ಮಾತೆತ್ತಬೇಡಿ. ರೊಟ್ಟಿ, ಪಲ್ಯ ಒಯ್ದು ಸುಮ್ಮನೆ ಕೂತು ಬನ್ನಿ. ವಾರಗಟ್ಟಲೆ ನಿದ್ದೆ ಇಲ್ಲದವರಿಗೆ ಪೂಜೆ ಹೆಚ್ಚಿಸಲು ಹೇಳುವ ಬದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬದುಕೇ ಬೇಡ ಅನ್ನುವವರನ್ನು ಒಂಟಿ ಬಿಡದೆ, ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿಸಿ. ಹಗಲು ರಾತ್ರಿ ತೆಗೆಯುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.